ರಕ್ಕಸರ ರಾಜೀನಾಮೆ

ನಮ್ಮ ಸಣ್ಣಮಾವನಂಥ ಯುದ್ಧವೀರನನ್ನು ನೀವು ನೋಡಿರಲಿಕ್ಕಿಲ್ಲ. ನೋಡಿದ್ದರೂ ಗುರುತು ಹಿಡಿದಿರಲಿಕ್ಕಿಲ್ಲ. ಯಾಕೆಂದರೆ ಅವನ ಯುದ್ಧ ನಡೆದದ್ದು ಮನುಷ್ಯರಿಗೂ ರಕ್ಕಸರಿಗೂ, ಅದೂ ಊರುಗಳಿಗೆ ಇನ್ನೂ ಹೆಸರಿಡುವ ಮುಂಚೆ! ಈ ಕಥೆ ಹೇಳುವಾಗ ಮಾವನಿಗೆ ಐವತ್ತೆರಡು ವಯಸ್ಸು. ಆದರೆ ಅವನು ಕಥೆ ಹೇಳುವ ಗತ್ತು ನೋಡಿದರೆ, ಈಗಷ್ಟೇ ರಣರಂಗದಿಂದ ಎದ್ದು ಬಂದಿದ್ದಾನೆ, ಚಹಾ ಕುಡಿದು ಮತ್ತೆ ಹೋಗುವವನಿದ್ದಾನೆ ಅನಿಸುತ್ತಿತ್ತು.

ಸಾಕ್ಷಿಗೇನು ಬರವೇ? ನಮ್ಮ ಕಡೆ ಎತ್ತ ನೋಡಿದರೂ ಗುಡ್ಡ, ಗುಡ್ಡದ ತುಂಬ ಬಂಡೆ. ಭೂಗೋಳದ ಮಾಸ್ತರರು ಏನಾದರೂ ಹೇಳಿಕೊಳ್ಳಲಿ, ಮಾವನ ಪ್ರಕಾರ ಅವೆಲ್ಲ ರಕ್ಕಸರು ಸುರಪುರದ ಗುಡ್ಡದಿಂದ ಶಹಾಪುರದ ಗುಡ್ಡದ ಮೇಲಿದ್ದ ಮನುಷ್ಯರತ್ತ ಎಸೆದ ಬಂಡೆಗಳು. ಗುರಿ ತಪ್ಪಿದವು ಯಾದಗಿರಿಯ ತನಕ ಹೋಗಿ ಬಿದ್ದವು.

"ಅಷ್ಟು ಗುರಿ ತಪ್ಪತಿತ್ತೇನು ಮಾವಾ?" ಎಂದು ಕೇಳಿದೆ.

"ಒಂದಽ ಕಣ್ಣು ಯವ್ವಾ ಅವಕ್ಕ! ಒಂಟಿಗಣ್ಣಿಗೆ ದೂರ ಹ್ಯಾಂಗ ತಿಳೀಬೇಕು?"

ಇದಕ್ಕೆ ಏನು ಉತ್ತರ ಕೊಡುತ್ತೀರಿ?

ರಕ್ಕಸರಿಗೆ ಒಂದೇ ಒಂದು ದೌರ್ಬಲ್ಯವಿತ್ತಂತೆ. ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಕೈಯಲ್ಲಿದ್ದ ಬಂಡೆ ಕೆಳಗಿಟ್ಟು ಓಡಿ ಬರುತ್ತಿದ್ದರಂತೆ. ಇದನ್ನು ಹೇಳಿದಾಗಲೆಲ್ಲ ಅತ್ತೆ ಒಲೆಯ ಮುಂದಿನಿಂದ ಕೂಗುತ್ತಿದ್ದಳು: "ಎಲ್ಲಾರೂ ಓಡಿ ಹೋಗ್ಯಾರ, ಒಬ್ಬ ಇಲ್ಲೇ ಉಳದಾನ. ದಿನಾ ಎಂಟು ರೊಟ್ಟಿ ತಿಂತಾನ!" ಮಾವ ಒಂಬತ್ತನೆಯದಕ್ಕೆ ತಾಟು ಚಾಚುತ್ತಿದ್ದ.

ಒಮ್ಮೆ ಅಬ್ಬೆತುಮಕೂರಿನ ಮಠಕ್ಕೆಂದು ನಾವಿಬ್ಬರೂ ಶಹಾಪುರದಲ್ಲಿ ಯಾದಗಿರಿ ಬಸ್ಸು ಹತ್ತಿದೆವು. ಪಕ್ಕದ ಸೀಟಿನವರು ಪಾಪ, "ಏನ್ ಕಲ್ಲು ಅದಾವ್ರಿ ಈ ಕಡೆ!" ಅಂದುಬಿಟ್ಟರು. ಮುಗಿಯಿತು! ಭೀಮಾ ನದಿಯ ಸೇತುವೆ ಬರುವಷ್ಟರಲ್ಲಿ ಇಡೀ ಬಸ್ಸು ಯುದ್ಧದಲ್ಲಿತ್ತು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಮರೆತು ಕಂಬ ಹಿಡಿದು ನಿಂತಿದ್ದ. ಯಾದಗಿರಿ ಬಸ್‌ಸ್ಟ್ಯಾಂಡ್ ಬಂದರೂ ಒಬ್ಬರೂ ಇಳಿಯಲಿಲ್ಲ.

"ಯಾರ್ ಗೆದ್ರು ಅಂತ ಮದಲ ಹೇಳ್ರಿ, ಆಮ್ಯಾಲ ಇಳೀತೀವಿ," ಅಂತ ಒಬ್ಬ ಹೆಂಗಸು ಗಂಟುಬಿದ್ದಳು.

"ಯಾರೂ ಗೆಲ್ಲಲಿಲ್ರಿ. ನಮ್ಮ ಹೊಲದ ಕಲ್ಲಿನ ಮ್ಯಾಲ ಎರಡೂ ಕಡೆಯವರು ಕುಂತು, ಒಂದಽ ತಾಟಿನ್ಯಾಗ ರೊಟ್ಟಿ ಮುರದು ರಾಜೀನಾಮಾ ಮಾಡಿಕೊಂಡ್ರು."

"ಹಾಂ, ಬರೋಬ್ಬರಿ ಆತು ಬಿಡ್ರಿ," ಅಂದು ಜನ ಸಮಾಧಾನದಿಂದ ಇಳಿದರು.

ಆ ಕಲ್ಲು ನಿಜವಾಗಿಯೂ ಇತ್ತು. ಮಾವನ ಹೊಲದ ಅಂಚಿನಲ್ಲಿ, ಇಬ್ಬರು ಆರಾಮಾಗಿ ಕೂರುವಷ್ಟು ಅಗಲವಾಗಿ. ಅದರ ಆಚೆ ಬದಿಯ ಹೊಲ ದೊಡ್ಡಮಾವನದು, ಅಂದರೆ ಇವನ ಅಣ್ಣನದು. ಕಾಲುವೆಯ ನೀರು ಮೊದಲು ಬಂದ ವರ್ಷ, ಯಾರ ಹೊಲಕ್ಕೆ ಮೊದಲ ಪಾಳಿ ಅಂತ ಅಣ್ಣತಮ್ಮಂದಿರಿಗೆ ಜಗಳವಾಗಿತ್ತು. ಒಂಬತ್ತು ವರ್ಷದಿಂದ ಮಾತಿಲ್ಲ. ಇಬ್ಬರ ಹೊಲದಲ್ಲೂ ಜೋಳ ಹೋಗಿ ಭತ್ತ ಬಂತು, ಮಾತು ಮಾತ್ರ ಬರಲಿಲ್ಲ.

ಆಗ ನಾನು ಭೀಮರಾಯನಗುಡಿಯ ಕಾಲುವೆ ಕಚೇರಿಯೊಂದರಲ್ಲಿ ಗುಮಾಸ್ತೆ. ಒಂದು ದಿನ ಹೊಸ ಮರಿಗಾಲುವೆಯ ನಕ್ಷೆ ಬಂತು. ಗೆರೆ ನೆಟ್ಟಗೆ ಆ ಕಲ್ಲಿನ ಮೇಲೇ ಹಾದಿತ್ತು! ಕಲ್ಲಿಗೆ ಸುಣ್ಣದ ಗುರುತು ಬಿತ್ತು. ಇನ್ನು ಮದ್ದಿಟ್ಟು ಒಡೆಯುವುದೊಂದೇ ಬಾಕಿ.

ಸಣ್ಣಮಾವ ಹೋಗಿ ಕಲ್ಲಿನ ಮೇಲೆ ಕೂತುಬಿಟ್ಟ. ಒಡೆಯಲು ಬಂದ ಕೂಲಿಯವರಿಗೆ ಯುದ್ಧದ ಕಥೆ ಶುರು ಮಾಡಿದ. ಎರಡು ದಿನ ಅವರು ಸುತ್ತಿಗೆ ಎತ್ತಲಿಲ್ಲ. ಮೂರನೆಯ ದಿನ ಮೇಸ್ತ್ರಿ ಬೈದಾಗ, "ತಡೀರಿ, ಇನ್ನಾ ರಾಜೀನಾಮಾ ಆಗಿಲ್ಲ," ಅಂದರಂತೆ!

ಕೊನೆಗೆ ಮಾವ ಅರ್ಜಿ ಬರೆದುಕೊಂಡು ನಮ್ಮ ಕಚೇರಿಗೇ ಬಂದ. ನಮ್ಮ ಇಂಜಿನಿಯರ್ ಸಾಹೇಬರು ಮೈಸೂರು ಕಡೆಯವರು. ಅರ್ಜಿಯನ್ನು ಗಟ್ಟಿಯಾಗಿ ಓದಿದರು: "ಸದರಿ ಕಲ್ಲಿನ ಮೇಲೆ ರಕ್ಕಸರು ರಾಜೀನಾಮೆ ಕೊಟ್ಟಿರುತ್ತಾರೆ. ಕಾರಣ ಸದರಿ ಕಲ್ಲನ್ನು ಒಡೆಯಬಾರದಾಗಿ ವಿನಂತಿ."

ಕನ್ನಡಕ ತೆಗೆದು ನಕ್ಕರು. "ರಾಜೀನಾಮೆನಾ? ಯಾವ ಹುದ್ದೆಗ್ರೀ ರಾಜೀನಾಮೆ ಕೊಟ್ರು ರಕ್ಕಸ್ರು?"

ನಾನು ನಡುವೆ ಬಾಯಿ ಹಾಕಿ, ನಮ್ಮ ಕಡೆಯ ಹಳೆಯ ಕೋರ್ಟು ಕಾಗದಗಳಲ್ಲಿ ರಾಜೀನಾಮೆ ಅಂದರೆ ಕೆಲಸ ಬಿಡುವ ಪತ್ರ ಅಲ್ಲ ಸರ್, ಇಬ್ಬರು ರಾಜಿಯಾದ ಪತ್ರ ಅಂತ ಹೇಳಹೊರಟೆ. ಅಷ್ಟರಲ್ಲಿ ಮಾವನೇ ಅಂದ:

"ಹುದ್ದೆಗಲ್ರಿ ಸಾಹೇಬ್ರ, ಹಗೆತನಕ್ಕ."

ಸಾಹೇಬರ ನಗು ಸ್ವಲ್ಪ ತಗ್ಗಿತು. ಅರ್ಜಿಯ ಕೆಳಗೆ ನೋಡಿದರು. ಎಡಕ್ಕೆ 'ಮನುಷ್ಯರ ಪರವಾಗಿ' ಅಂತ ಬರೆದು ಮಾವ ಸಹಿ ಹಾಕಿದ್ದ. ಬಲಕ್ಕೆ 'ರಕ್ಕಸರ ಪರವಾಗಿ' ಅಂತ ಬರೆದು ಜಾಗ ಖಾಲಿ ಬಿಟ್ಟಿದ್ದ.

"ಆಯ್ತು, ಆ ರಕ್ಕಸನ ಸಹಿ ಮಾಡಿಸಿ. ಕಾಲುವೆನ ಹತ್ತಡಿ ಪಕ್ಕಕ್ಕೆ ತಗೋತೀನಿ. ಸೋಮವಾರದ ತನಕ ಟೈಮು," ಅಂದರು, ತಮಾಷೆಗೆ.

ಮಾವ ನಗಲಿಲ್ಲ. ಅರ್ಜಿಯನ್ನು ನನ್ನ ಮೇಜಿನ ಮೇಲಿಟ್ಟು, "ಇಲ್ಲೇ ಇರ್ಲಿ ಯವ್ವಾ. ಬಂದ್ರ ಇಲ್ಲಿಗೇ ಬರ್ತಾನ. ಬರ್ತಾನ ಅಂತ ಭರೋಸಾ ಇಲ್ಲ," ಅಂದು ಹೋದ.

ನಾನು ಇದನ್ನು ಅವ್ವನಿಗೆ ಹೇಳಿದೆ. ಅವ್ವನಿಗೆ ಹೇಳಿದರೆ ಡಂಗುರ ಸಾರಿದಂತೆಯೇ! 'ರಕ್ಕಸನ ಸಹಿ ಬೇಕಂತ' ಅಂತ ಊರಿಗೆ ಊರೇ ನಗಾಡಿತು. ಶಹಾಪುರದ ಸಂತೆಯಲ್ಲೂ ಅದೇ ಮಾತು.

ಸೋಮವಾರ ಮಾವ ಇಸ್ತ್ರಿ ಮಾಡಿದ ಧೋತರ ಉಟ್ಟು ಬೆಳಿಗ್ಗೆಯೇ ಬಂದು ವರಾಂಡದ ಬೆಂಚಿನ ಮೇಲೆ ಕೂತ. ಹನ್ನೆರಡಾಯಿತು. ಎರಡಾಯಿತು. ಅಂದು ಅವನು ಯಾರಿಗೂ ಕಥೆ ಹೇಳಲಿಲ್ಲ. ನನಗೆ ಸಂಕಟವಾಯಿತು. ಸಾಹೇಬರಿಗೂ ತಮ್ಮ ತಮಾಷೆ ಅತಿಯಾಯಿತು ಅನಿಸಿರಬೇಕು, ಎರಡು ಸಲ ಹೊರಗೆ ಬಂದು ಗಂಟಲು ಸರಿಮಾಡಿಕೊಂಡು ಒಳಗೆ ಹೋದರು.

ಮೂರು ಗಂಟೆಗೆ ಬಾಗಿಲಲ್ಲಿ ಕೋಲಿನ ಸಪ್ಪಳವಾಯಿತು. ದೊಡ್ಡಮಾವ! ಬಗಲಲ್ಲೊಂದು ಬುತ್ತಿಗಂಟು. ತಮ್ಮನ ಕಡೆ ನೋಡದೆ ಸೀದಾ ಸಾಹೇಬರ ಮುಂದೆ ನಿಂತ.

"ರಕ್ಕಸರ ಸಹಿ ಎಲ್ಲಿ ಮಾಡಬೇಕ್ರಿ?"

"ನೀವು ಯಾರು?"

"ರಕ್ಕಸ ನಾನಽರಿ. ಒಂಬತ್ತು ವರ್ಷದ ಹಿಂದ ಆ ಕಲ್ಲಿನ ಮುಂದಽ ನಿಂತು ಇವ ನನಗ, 'ನೀ ಮನುಷ್ಯಾ ಅಲ್ಲ, ರಕ್ಕಸ ಇದ್ದಿ' ಅಂದಾನ. ಬೇಕಾದ್ರ ಕೇಳ್ರಿ."

 ನಾನು ಲೆಕ್ಕ ಹಾಕಿದೆ. ಸಣ್ಣಮಾವನ ಯುದ್ಧದ ಕಥೆ ಶುರುವಾದದ್ದೂ ಆ ವರ್ಷದಿಂದಲೇ. ಅದಕ್ಕೂ ಮುಂಚೆ ಅವನು ಒಂದು ಕಾಗಕ್ಕ-ಗುಬ್ಬಕ್ಕನ ಕಥೆ ಹೇಳಿದ್ದೂ ನನಗೆ ನೆನಪಿಲ್ಲ! ಬಾಯಿ ತಪ್ಪಿ ಆಡಿದ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಾರದೆ, ಈ ಮನುಷ್ಯ ಒಂಬತ್ತು ವರ್ಷ ಇಡೀ ತಾಲೂಕಿಗೆ ರಾಜಿಯ ಕಥೆ ಹೇಳುತ್ತ ತಿರುಗಿದ್ದ. ಕೇಳಬೇಕಾದವನೊಬ್ಬನನ್ನು ಬಿಟ್ಟು ಎಲ್ಲರೂ ಕೇಳಿದ್ದೆವು. ನನಗೆ ಅಳು ಬಂತು.

ಶಾಯಿಯ ಪ್ಯಾಡು ಕೊಟ್ಟೆ. ದೊಡ್ಡಮಾವ 'ರಕ್ಕಸರ ಪರವಾಗಿ' ಅನ್ನುವಲ್ಲಿ ಹೆಬ್ಬೆಟ್ಟು ಒತ್ತಿದ.

ಸಾಹೇಬರು ಮಾತಿಗೆ ತಪ್ಪಲಿಲ್ಲ, ನಕ್ಷೆ ಹಾಸಿದರು. "ಹತ್ತಡಿ ಸರಿಸ್ತೀನಿ. ಆದ್ರೆ ಯಾರ ಹೊಲದೊಳಕ್ಕೆ?"

"ನನ್ನ ಹೊಲದಾಗ ತಗೊಳ್ರಿ," ಅಂದ, ಅಣ್ಣನ ಹಿಂದೆಯೇ ಒಳಗೆ ಬಂದಿದ್ದ ಸಣ್ಣಮಾವ.

"ಅವನ್ದು ಮದಲಽ ಸಣ್ಣ ಹೊಲ ಐತಿ. ನನ್ನದರಾಗ ತಗೊಳ್ರಿ!"

"ಅಂವ ಯಾರ್ರಿ ಹೇಳಾಕ? ಅರ್ಜಿ ನಂದು!"

ಶುರುವಾಯಿತಲ್ಲಪ್ಪ ಎರಡನೆಯ ಯುದ್ಧ! ಸಾಹೇಬರು ತಲೆ ಹಿಡಿದುಕೊಂಡು, ಐದಡಿ ಇವನಲ್ಲಿ ಐದಡಿ ಅವನಲ್ಲಿ ಆಗುವಂತೆ ಕಲ್ಲನ್ನು ಸುತ್ತು ಹಾಕಿಸಿ ಗೆರೆ ಎಳೆದರು. ಆ ಮರಿಗಾಲುವೆ ಇಂದಿಗೂ ಅಲ್ಲಿ ಯಾಕೆ ಅಷ್ಟು ಸೊಟ್ಟಗಿದೆ ಅಂತ ಹೊಸ ಇಂಜಿನಿಯರುಗಳಿಗೆ ಅರ್ಥವಾಗುವುದಿಲ್ಲ.

ದೊಡ್ಡಮಾವ ವರಾಂಡದಲ್ಲಿ ಕೂತು ಬುತ್ತಿ ಬಿಚ್ಚಿದ. ರೊಟ್ಟಿ, ಪುಂಡಿಪಲ್ಯ. ಶಾಯಿ ಹತ್ತಿದ ಕೈಯಲ್ಲೇ ಒಂದು ರೊಟ್ಟಿಯನ್ನು ಎರಡು ಮಾಡಿದ.

"ತಮ್ಮಾ, ಬಾ."

ಬಸ್ಸುಗಟ್ಟಲೆ ಜನರನ್ನು ಮಾತಿನಲ್ಲಿ ಹಿಡಿದಿಟ್ಟವನು ತಲೆ ತಗ್ಗಿಸಿಕೊಂಡು ಹೊರಗೆ ಬಂದ. ಹೋಗಿ ಅಣ್ಣನ ಪಕ್ಕ ಕೂತ. ನಾನು ಕಣ್ಣೊರೆಸಿಕೊಂಡು, ಕಾಡಿಸಬೇಕೆಂದೇ ಕೇಳಿದೆ, "ಮಾವಾ, ಯುದ್ಧದಾಗ ಕಡೀಗೆ ಯಾರ್ ಗೆದ್ರು?"

ಸಣ್ಣಮಾವನ ಬಾಯಿ ತುಂಬ ರೊಟ್ಟಿಯಿತ್ತು, ಕಣ್ಣು ತುಂಬ ನೀರಿತ್ತು. ದೊಡ್ಡಮಾವನೇ ಹೇಳಿದ:

"ಎಲ್ಲಿ ಯುದ್ಧ ಯವ್ವಾ? ಅಂವ ಉಣ್ಣಾಕತ್ತಾನ, ಮಾತಾಡಿಸಬ್ಯಾಡ."