ಪೊಲೀಸ್ ಸಾಹೇಬರ ಎಮ್ಮೆ

ಊರಿನ ಎಲ್ಲರ ಧ್ವನಿಯಲ್ಲೂ ಮಾತನಾಡಬಲ್ಲವನಿಗೆ ಒಂದೇ ಒಂದು ತೊಂದರೆ. ಅವನು ತನ್ನ ಸ್ವಂತ ಧ್ವನಿಯಲ್ಲಿ ಮಾತನಾಡಿದರೆ ಯಾರೂ ನಂಬುವುದಿಲ್ಲ. ಹೋದ ಮಳೆಗಾಲದಲ್ಲಿ ನಾನು ಜ್ವರದಿಂದ ನರಳುತ್ತ ಮಲಗಿದ್ದಾಗ ಅವ್ವ ಅಡುಗೆಮನೆಯಿಂದಲೇ, "ಇದು ನಿಮ್ಮ ಮಾವಂದಲ್ಲಾ? ಗುರ್ತ ಸಿಕ್ಕಿತು, ಸಾಕ ಮಾಡು" ಎಂದಿದ್ದಳು. ಮಾವನ ನರಳಿಕೆಯನ್ನು ಅಷ್ಟು ಚೆನ್ನಾಗಿ ಮಾಡಿದೆನಲ್ಲ ಎಂದು ಜ್ವರದಲ್ಲೂ ನನಗೆ ಹೆಮ್ಮೆಯೇ ಆಯಿತು. ಬೈಲಹೊಂಗಲದ ಪೇಟೆಯಲ್ಲಿ ಒಂದು ಸೀರೆ ಅಂಗಡಿಯಲ್ಲಿ ನನಗೆ ಕೆಲಸ. ಮಾಲೀಕರು ಊಟಕ್ಕೆ ಹೋದಾಗ ನಾನು ಪರದೆಯ ಹಿಂದೆ ನಿಂತು ಅವರ ಧ್ವನಿಯಲ್ಲಿ ನನ್ನನ್ನೇ ಬೈದುಕೊಂಡು, ಕಣ್ಣೊರೆಸಿಕೊಳ್ಳುತ್ತ ಹೊರಗೆ ಬರುತ್ತೇನೆ. ಗಿರಾಕಿ ಹೆಣ್ಣುಮಕ್ಕಳು "ಪಾಪ, ಹುಡುಗನ್ನ ಎಷ್ಟ ಬೈತಾರ" ಎಂದು ಮರುಗಿ, ಚೌಕಾಶಿ ಮಾಡದೆ ಸೀರೆ ಕಟ್ಟಿಸಿಕೊಂಡು ಹೋಗುತ್ತಾರೆ. ಇಂಥ ಕಲಾವಿದನ ಫೋನು ಕಳುವಾದದ್ದು ಕೂಡ ಕಲೆಯಿಂದಲೇ ಎಂಬುದನ್ನು ನಾನು ಸ್ವಲ್ಪ ಎದೆಯುಬ್ಬಿಸಿಕೊಂಡೇ ಹೇಳಬೇಕಾಗಿದೆ.

ಅಂದು ರಾಮದುರ್ಗದಲ್ಲಿ ಗೆಳೆಯನ ಮಗಳಿಗೆ ಹೆಸರಿಡುವ ಕಾರ್ಯಕ್ರಮ. ಬಂದ ಮಂದಿಯನ್ನು ನಗಿಸಲು ನನಗೆ ಕರೆ ಬಂದಿತ್ತು. ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದಾಗ ಪರಿಚಯದ ಹುಡುಗರು, "ಕಂಟ್ರೋಲರ್ ಸಾಹೇಬರದು ಒಂದು ಆಗಲಿ ಬಿಡೋ" ಎಂದರು. ನನಗೆ ಎರಡನೆಯ ಸಲ ಹೇಳಿಸಿಕೊಂಡು ಗೊತ್ತಿಲ್ಲ. ಮೂಗು ಹಿಡಿದು, ಅಂಗೈಯನ್ನು ಬಾಯಿಗೆ ಮರೆಮಾಡಿ, "ಪ್ರಯಾಣಿಕರ ಗಮನಕ್ಕೆ, ಸವದತ್ತಿ ಮಾರ್ಗವಾಗಿ ರಾಮದುರ್ಗಕ್ಕೆ ಹೊರಡುವ ಬಸ್ಸು" ಎಂದು ಎಳೆದೆ ನೋಡಿ, ಅರ್ಧ ನಿಲ್ದಾಣ ಎದ್ದು ನಿಂತಿತು. ಗಂಟು, ಚೀಲ, ಕೂಸು ಎಲ್ಲವೂ ನನ್ನ ಮೇಲೆಯೇ ಹಾಯ್ದವು. ಒಬ್ಬ ಹೆಣ್ಣುಮಗಳು ಸೀಟು ಹಿಡಿಯಲು ಧಾರವಾಡದ ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದಳು. ನಿಜವಾದ ಕಂಟ್ರೋಲರ್ ಸಾಹೇಬರು ಕೂಡ ಕೋಣೆಯಿಂದ ಹೊರಗೆ ಬಂದು, ಬಸ್ಸು ಎಲ್ಲಿದೆ ಎಂದು ಅತ್ತಿತ್ತ ನೋಡಿದರು. ಇದಕ್ಕಿಂತ ದೊಡ್ಡ ಬಹುಮಾನ ಕಲಾವಿದನಿಗೆ ಯಾವುದಿದೆ? ಆ ಸಂತೋಷದಲ್ಲಿ ಕಿಸೆ ಮುಟ್ಟಿಕೊಂಡೆ. ಫೋನು ಇರಲಿಲ್ಲ. ಗದ್ದಲ ಎಬ್ಬಿಸಿದವನು ನಾನು, ಅದರಲ್ಲಿ ದುಡಿದವನು ಇನ್ನೊಬ್ಬ.

ರಾಮದುರ್ಗಕ್ಕೆ ಹೋಗುವುದನ್ನು ಬಿಟ್ಟು ಮನೆಯ ದಾರಿ ಹಿಡಿದೆ. ಬಾಗಿಲಲ್ಲೇ ಅವ್ವ ಬೆಚ್ಚಿಬಿದ್ದು, "ಈಗರ ಫೋನಿನಾಗ ಇದ್ದೆಲ್ಲೋ! ಇಲ್ಲಿ ಹೆಂಗ ಬಂದಿ?" ಎಂದಳು. ನಡೆದದ್ದು ಇಷ್ಟು. ಬಸ್ಸು ಸಿಕ್ಕಿತೋ ಇಲ್ಲವೋ ಎಂದು ಕೇಳಲು ಅವ್ವ ನನಗೆ ಫೋನು ಮಾಡಿದ್ದಾಳೆ. ಕದ್ದವನು ಎತ್ತಿದ್ದಾನೆ. ಪರದೆಯ ಮೇಲೆ 'ಅವ್ವ' ಎಂದು ಕಂಡಿರಬೇಕು. "ಅವ್ವಾರ, ನಿಮ್ಮ ಮಗನ ಫೋನು ನನಗ ದಾರ್ಯಾಗ ಸಿಕ್ಕೈತ್ರಿ. ಅದರ ಲಾಕ್ ನಂಬರ್ ಹೇಳ್ರಿ" ಎಂದಿದ್ದಾನೆ. ಅವ್ವ, "ಈ ಧ್ವನಿ ನಿನಗ ಹೊಂದವಲ್ದು ನೋಡು. ಬ್ಯಾರೆದು ಮಾಡು" ಎಂದು ಇಟ್ಟುಬಿಟ್ಟಿದ್ದಾಳೆ. ಪಾಪ, ಅವನು ತನ್ನ ಸ್ವಂತ ಧ್ವನಿಗೆ ಇಂಥ ವಿಮರ್ಶೆಯನ್ನು ಹುಟ್ಟಿದಾಗಿನಿಂದ ಕೇಳಿರಲಿಕ್ಕಿಲ್ಲ.

ಫೋನು ಹೋದರೆ ಇನ್ನೊಂದು ಬರುತ್ತದೆ. ಆದರೆ ಅದರೊಳಗೆ ಮುತ್ಯಾ ಇದ್ದ. ಮುತ್ಯಾ ಎಂದರೆ ನನ್ನ ಅಜ್ಜ. ಅವನು ತೀರಿಕೊಳ್ಳುವ ಮುಂಚೆ ಒಮ್ಮೆ ನಾನು ಅವನ ಧ್ವನಿಯಲ್ಲಿ ನಮ್ಮ ಎಮ್ಮೆಯನ್ನು ಕರೆದಿದ್ದೆ. ಎಮ್ಮೆ ಅವನನ್ನು ಬಿಟ್ಟು ನನ್ನ ಮುಂದೆ ಬಂದು ನಿಂತಿತು. ಮುತ್ಯಾ ಸಿಟ್ಟಿಗೆದ್ದು ಬೈದದ್ದನ್ನು ನಾನು ನಗುತ್ತ ಫೋನಿನಲ್ಲಿ ಹಿಡಿದಿಟ್ಟಿದ್ದೆ. ಅವನ ಧ್ವನಿ ಅಂತ ಈ ಲೋಕದಲ್ಲಿ ಉಳಿದದ್ದು ಅದೊಂದೇ. ದಿನಾ ದೀಪ ಹಚ್ಚಿದ ಮೇಲೆ ನನ್ನ ಅಜ್ಜಿ, ಅಂದರೆ ನಾವು ಆಯಿ ಎಂದು ಕರೆಯುವವಳು, "ಹಚ್ಚಲೇ ಒಮ್ಮೆ" ಎನ್ನುತ್ತಿದ್ದಳು. ಅದನ್ನು ಕೇಳಿಯೇ ಅವಳು ಊಟಕ್ಕೆ ಏಳುತ್ತಿದ್ದಳು. ಒಂದು ದಿನ ಫೋನಿನ ಚಾರ್ಜು ಮುಗಿದಾಗ ನಾನೇ ಮುತ್ಯಾನ ಧ್ವನಿ ಮಾಡಿದೆ. ಆಯಿ ಕೇಳಿಸಿಕೊಂಡು, "ಎಮ್ಮಿ ನಂಬತೈತಪಾ. ನಾ ಎಮ್ಮಿ ಅಲ್ಲ" ಎಂದಳು. ಅದನ್ನು ಬೇರೆ ಕಡೆಯೂ ಕೂಡಿಟ್ಟುಕೊಳ್ಳಬಾರದಿತ್ತೇ ಎಂದು ಬುದ್ಧಿವಂತರು ಕೇಳುತ್ತಾರೆ. ಕೂಡಿಡಲು ಹೊರಟಿದ್ದೆ. ಮೊದಲು ನನ್ನ ಮಿಮಿಕ್ರಿಗಳನ್ನು ಇಟ್ಟೆ. ಮುತ್ಯಾನ ಪಾಳಿ ಬರುವಷ್ಟರಲ್ಲಿ ಜಾಗ ತುಂಬಿಬಿಟ್ಟಿತ್ತು.

ಅಪ್ಪ ಠಾಣೆಗೆ ಹೋಗಿ ದೂರು ಕೊಟ್ಟು ಬಂದ. "ಸಂಜಿಕ ಸಿಮ್ ಬಂದ್ ಮಾಡಿಸ್ತೇನಿ. ಅವಂಗ ಲಾಕ್ ನಂಬರ್ ಕೊಟ್ಟಿ ಅಂದ್ರ ಬ್ಯಾಂಕಿನಾಗಿಂದೆಲ್ಲಾ ಬಳಕೊಂಡ ಹೋಗ್ತಾನ" ಎಂದ. ಅವನು ಹೇಳಿದ್ದು ಸರಿಯೇ. ಆದರೆ ಸಿಮ್ ಬಂದಾದರೆ ಮುತ್ಯಾನ ಕಡೆಗಿದ್ದ ಒಂದೇ ದಾರಿಯೂ ಬಂದ್. ಸಂಜೆಯೊಳಗೆ ಏನಾದರೂ ಮಾಡಬೇಕಿತ್ತು. ಅವ್ವನ ಫೋನಿನಿಂದ ನಾನೇ ಕರೆ ಮಾಡಿದೆ. ಕದ್ದವನ ಮಾತಿನಲ್ಲಿ ಎಂಥ ನಯ ಅಂತೀರಿ! "ಲಾಕ್ ತಗದ ನೋಡಿ, ನಿಮ್ಮದ ಖರೆ ಅಂತ ಖಾತ್ರಿ ಆದ್ರ ಕಿತ್ತೂರ ಕ್ವಾಟಿ ಹತ್ರ ಬಂದ ಕೊಡತೇನ್ರಿ. ಮಂದಿ ಫೋನು ಮಂದಿಗೆ ಕೊಟ್ಟ ಪಾಪ ಕಟಗೊಳ್ಳಲೇನ್ರಿ?" ಕದ್ದವನಿಗೂ ಪಾಪದ ಹೆದರಿಕೆ ಇದೆ ಎಂದು ಒಂದು ಕ್ಷಣ ನನಗೇ ಕಣ್ಣು ತುಂಬಿತು.

ಆಮೇಲೆ ನನ್ನೊಳಗಿನ ಕಲಾವಿದ ಎಚ್ಚೆತ್ತ. ಗುರುತು ಸಿಗದಿರಲೆಂದು ಪಕ್ಕದ ಮನೆಯವರ ಫೋನು ಇಸಿದುಕೊಂಡು ಹಿತ್ತಲಿಗೆ ಹೋಗಿ, ಗಂಟಲು ಸರಿಮಾಡಿಕೊಂಡು, ಮತ್ತೆ ಕರೆ ಮಾಡಿದೆ. ಈ ಸಲ ಮಾತನಾಡಿದ್ದು ನಾನಲ್ಲ, ದಪ್ಪ ಮೀಸೆಯ, ದೊಡ್ಡ ಹೊಟ್ಟೆಯ ಒಬ್ಬ ಇನ್‌ಸ್ಪೆಕ್ಟರ್. "ಯಾರಲೇ ಅಂವ? ನೀ ಎಲ್ಲದಿ ಅಂತ ನಮಗ ಎಲ್ಲಾ ಗೊತ್ತೈತಿ. ಜೀಪ್ ಹೊಂಟೈತಿ!" ಎಂದು ಗುಡುಗಿದೆ. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ನನ್ನ ಬೆನ್ನ ಹಿಂದಿದ್ದ ನಮ್ಮ ಎಮ್ಮೆ, ಕಲೆಯ ಗಂಧವೇ ಇಲ್ಲದ ಪ್ರಾಣಿ, ಬಾಯಿತುಂಬ ಒದರಿತು. ಅವನು ಬಹಳ ವಿನಯದಿಂದ, "ಸಾಹೇಬರ, ಠಾಣೇದಾಗ ಎಮ್ಮಿ ಕಟ್ಟೀರೇನ್ರಿ?" ಎಂದು ಕೇಳಿದ.

ನಾನು ತಲೆ ತಗ್ಗಿಸಿಕೊಂಡು ಒಳಗೆ ಬಂದೆ. ಅವ್ವನ ಫೋನಿನಿಂದ ನಾನೇ ಮತ್ತೆ ಕರೆ ಮಾಡಿದೆ. ಅವನು ಹೇಳಿದ್ದು ಒಂದೇ: "ಕಡೀ ಮಾತ್ರಿ. ನಂಬರ್ ಹೇಳತಿರೋ, ನೀರಾಗ ಒಗೀಲ್ಯೋ?" ಮುತ್ಯಾ ನೀರಿನಲ್ಲಿ ಮುಳುಗುವುದು ಕಣ್ಣ ಮುಂದೆ ಬಂತು. ಬ್ಯಾಂಕಿನಲ್ಲಿದ್ದದ್ದು ಹೋದರೆ ಹೋಗಲಿ ಎಂದು ನಂಬರಿನ ಮೊದಲ ಅಂಕಿ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಗ ಅಕ್ಕಿ ಹಸನು ಮಾಡುತ್ತ ಕುಳಿತಿದ್ದ ಆಯಿ ಮೊರ ಬದಿಗಿಟ್ಟು, "ತಾ ಇಲ್ಲಿ" ಎಂದು ಫೋನು ಕಸಿದುಕೊಂಡಳು. ಅವಳು ಬೈಯಲಿಲ್ಲ, ಬೇಡಲೂ ಇಲ್ಲ. ಹೊಸಬರು ಯಾರೇ ಬಂದರೂ ಕೇಳುವುದನ್ನೇ ಅವನಿಗೂ ಕೇಳಿದಳು.

"ಯಾವೂರಪಾ ನಿಂದು?"

ನಮ್ಮ ಕಡೆ ಮುದುಕಿಯೊಬ್ಬಳು ಹೀಗೆ ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ಡಾಕ್ಟರು ಬಾಯಿ ತೆಗಿ ಎಂದರೆ ತೆಗೆಯುವುದಿಲ್ಲವೇ, ಹಾಗೆ.

"ದೇಗಾಂವ್ರಿ" ಎಂದ.

ಅವನ ಗ್ರಹಚಾರ ನೋಡಿ, ದೇಗಾಂವ ಆಯಿಯ ತವರುಮನೆ.

"ದೇಗಾಂವದಾಗ ಯಾರ ಪೈಕಿ? ಮನಿ ಎಲ್ಲಿ?"

"ಗುಡಿ ಹಿಂದರಿ."

"ಗುಡಿ ಹಿಂದ ನಮ್ಮಣ್ಣನ ಹೊಲ ಐತಿ. ಜ್ವಾಳದಾಗ ಮನಿ ಯಾವಾಗ ಕಟ್ಟಿದ್ರಿ?"

ಅವನು ಕೆಮ್ಮಿದ. ಆಯಿ ದನಿ ಏರಿಸಲೇ ಇಲ್ಲ. "ಹೆದರಬ್ಯಾಡ. ಏನರ ಸುಳ್ಳ ಹೇಳು, ಹಡದ ಊರ ಮಾತ್ರ ಸುಳ್ಳ ಹೇಳಬ್ಯಾಡ. ಯಾವೂರು?"

"ಹೂಲಿರಿ, ಆಯಿ."

ಗಮನಿಸಿ, ಅವನು 'ಆಯಿ' ಎಂದ. ನಾನು ಅಲ್ಲೇ ಗೋಡೆಗೆ ಒರಗಿ ಕುಳಿತೆ.

"ಹೂಲಿಗೆ ನನ್ನ ತಂಗೀನ್ನ ಕೊಟ್ಟೈತಿ. ನಿಂದು ಯಾವ ಓಣಿ?"

"ಬೇವಿನಗಿಡದ ಓಣಿರಿ."

"ಅಲ್ಲಿ ನೀಲವ್ವನ ಮನಿ ಗೊತ್ತೈತೇನು? ಉಪ್ಪಿನಕಾಯಿ ಹಾಕತಾಳಲ್ಲಾ?"

ಅವನು ಸಣ್ಣ ದನಿಯಲ್ಲಿ, "ನಮ್ಮವ್ವರಿ" ಎಂದ.

"ಹೌದಾ! ನೀ ನೀಲವ್ವನ ಮಂಜ್ಯಾ ಏನೋ! ಹುಟ್ಟಿದಾಗ ಅಳಲಿಲ್ಲಂತ ಓಣಿ ಓಣಿನ ಹೆದರಿ ಕುಂತಿತ್ತು. ನನ್ನ ತಂಗಿ ನಿನ್ನ ಕಾಲ ಹಿಡದ, ಬೆನ್ನಿಗೆ ಬಡದ ಅಳಿಸಿದ್ದಳಪಾ. ಆಗ ಬರಲಾರದ ಧ್ವನಿ ಈಗ ಎಷ್ಟ ಜೋರ ಬರಾಕತ್ತೈತಿ!" ಆಯಿ ನಿಜವಾಗಿಯೂ ಸಂತೋಷಪಟ್ಟಿದ್ದಳು. "ನಿಮ್ಮವ್ವಗ ನಾ ಏನೂ ಹೇಳೂದಿಲ್ಲ. ನಾಳೆ ಮಧ್ಯಾಹ್ನ ಊಟಕ್ಕ ಬಾ. ಬರುವಾಗ ಫೋನು ತಾ."

ಅಪ್ಪ ಸಿಮ್ ಬಂದ್ ಮಾಡಿಸಲು ಮೆಟ್ಟಿನಲ್ಲಿ ಕಾಲಿಟ್ಟವನು, ಸುಮ್ಮನೆ ಕಾಲು ಹೊರಗೆ ತೆಗೆದ.

ಮರುದಿನ ಅವನು ಬಂದ. ಹೆಚ್ಚುಕಡಿಮೆ ನನ್ನದೇ ವಯಸ್ಸು, ನನಗಿಂತ ಒಳ್ಳೆಯ ಅಂಗಿ. ಫೋನನ್ನು ನನ್ನ ಕೈಗೆ ಕೊಡದೆ ನೇರವಾಗಿ ಆಯಿಯ ಮುಂದಿಟ್ಟ. "ದಾರ್ಯಾಗ ಸಿಕ್ಕಿತ್ತರಿ" ಎಂದು ನೆಲ ನೋಡಿದ. "ಹೌದಪಾ, ಸಿಕ್ಕಿರತೈತಿ. ಕುಂಡ್ರು" ಎಂದು ಆಯಿ ತಟ್ಟೆಗೆ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ ಬಡಿಸಿದಳು. ನಾನು ಲಾಕ್ ತೆಗೆದೆ. ಎಲ್ಲವೂ ಇತ್ತು. ಹಚ್ಚಿದೆ.

"ಏ ಮಂಗ್ಯಾ! ನನ್ನ ಧ್ವನಿ ಮಾಡಿ ನನ್ನ ಎಮ್ಮಿಗೇ ಮೋಸ ಮಾಡತಿಯೇನಲೇ! ಹಂಗಾರ ಹಾಲೂ ನೀನ ಹಿಂಡು, ಸೆಗಣೀನೂ ನೀನ ಬಳಿ. ನಾ ಮಲಕ್ಕೊಂಡಬಿಡತೇನಿ!"

ಹಿತ್ತಲಲ್ಲಿ ಎಮ್ಮೆ ಒದರಿತು. ಆಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮಂಜ್ಯಾ ತುತ್ತು ಕೈಯಲ್ಲೇ ಹಿಡಿದು ಕುಳಿತಿದ್ದ. "ಇದರ ಸಲುವಾಗಿ ಏನ್ರಿ, ಆಯಿ?" ಎಂದ. ಆಯಿ, "ಆರತೈತಿ, ತಿನ್ನು" ಎಂದು ಇನ್ನೊಂದು ರೊಟ್ಟಿ ಹಾಕಿದಳು. ಊಟವಾದ ಮೇಲೆ ಅವನೇ ನನಗೆ ಕೈಯಾಡಿಸಿ ತೋರಿಸಿ, ಮುತ್ಯಾನ ಧ್ವನಿಯನ್ನು ಅವ್ವನ ಫೋನಿಗೂ ಅಪ್ಪನ ಫೋನಿಗೂ ಕಳಿಸಿಕೊಟ್ಟ. ಈ ವಿದ್ಯೆಯಲ್ಲಿ ಅವನು ನನಗಿಂತ ಮುಂದು. ಅದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಈಗ ಆಯಿಯ ಈ ಪ್ರಸಂಗ ನನ್ನ ಕಾರ್ಯಕ್ರಮಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನಗು ತರುವ ಐಟಂ. ಸವದತ್ತಿಯಲ್ಲಿ ಒಂದು ಮದುವೆಯಲ್ಲಿ "ಯಾವೂರಪಾ ನಿಂದು?" ಎಂದು ಆಯಿಯ ಧ್ವನಿಯಲ್ಲಿ ಕೇಳಿದಾಗ, ಮುಂದಿನ ಸಾಲಿನಲ್ಲಿ ಕುಳಿತಿದ್ದವನೊಬ್ಬ ಎದ್ದು ನಿಂತು ಊರು, ಓಣಿ ಎರಡನ್ನೂ ಹೇಳಿಬಿಟ್ಟ. ಇಂಥ ಅಜ್ಜಿಯ ಮೊಮ್ಮಗ ನಾನು ಎಂದು ಕಾಲರ್ ಎತ್ತಿಕೊಂಡೇ ಓಡಾಡುತ್ತೇನೆ. ಆದರೆ ಎತ್ತಿದ ಕಾಲರ್ ಬಹಳ ದಿನ ನಿಲ್ಲುವುದಿಲ್ಲ. ಮಂಜ್ಯಾ ಆಗಾಗ ಆಯಿಗೆ ಫೋನು ಮಾಡುತ್ತಾನೆ. ಮೊದಲು ಅವಳ ಮೊಣಕಾಲಿನ ನೋವು ವಿಚಾರಿಸುತ್ತಾನೆ, ಆಮೇಲೆ ಮಳೆ ಬೆಳೆ. ಕೊನೆಗೆ ಬಹಳ ಮರ್ಯಾದೆಯಿಂದ, "ಪೊಲೀಸ್ ಸಾಹೇಬರ ಎಮ್ಮಿ ಹಾಲ ಕೊಡಾಕತ್ತೈತೇನ್ರಿ?" ಎಂದು ಕೇಳುತ್ತಾನೆ. ಆಯಿ ಫೋನನ್ನು ನನ್ನ ಕಡೆ ಚಾಚಿ, "ಸಾಹೇಬಾ, ನಿನ್ನನ್ನ ಕೇಳಾಕತ್ತಾನ" ಎನ್ನುತ್ತಾಳೆ. ನಾನು ಗಂಟಲು ಸರಿಮಾಡಿಕೊಂಡು, ದಪ್ಪ ಮೀಸೆಯ ಆ ಧ್ವನಿಯಲ್ಲೇ, "ಕೊಡಾಕತ್ತೈತಲೇ" ಎನ್ನುತ್ತೇನೆ. ಏನು ಮಾಡುವುದು, ನನ್ನ ಆ ಧ್ವನಿಯನ್ನು ಮತ್ತೆ ಮತ್ತೆ ಕೇಳಬೇಕೆನ್ನುವ ಅಭಿಮಾನಿ ಇರುವುದು ಅವನೊಬ್ಬನೇ.