ಸೊಂಟ ಮೂವತ್ನಾಲ್ಕು, ಉದ್ದ ನಲವತ್ತೊಂದು

ಕಾರಿನ ಬೆಲೆಯನ್ನು ಕಾರು ನಿರ್ಧರಿಸುವುದಿಲ್ಲ. ಅದರ ಮುಂದೆ ಎರಡು ಸ್ಕ್ರೂಗಳ ಆಧಾರದಲ್ಲಿ ಕೂತಿರುವ ತಗಡು ನಿರ್ಧರಿಸುತ್ತದೆ. ಆ ಊರಿನ ವಾಹನ ಸಂಖ್ಯಾ ಕಚೇರಿ ಇದನ್ನು ಬಹಳ ಹಿಂದೆಯೇ ಒಪ್ಪಿಕೊಂಡಿತ್ತು. ಗಾರೆ ಮೇಸ್ತ್ರಿಗೆ ಮಾತ್ರ ಗೊತ್ತಿರಲಿಲ್ಲ.

ಮೇಸ್ತ್ರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಓಡಿಸುತ್ತಿದ್ದವಳು ಹೆಂಡತಿ. ಅವಳು ಬಟ್ಟೆ ಹೊಲಿಯುವವಳು. ಮೇಸ್ತ್ರಿ ಕರಣೆಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ. ಅವಳು ಹೋದ ಮೇಲೆ ಕಾರು ನಿಂತಲ್ಲೇ ನಿಂತಿತು. ಟೈರುಗಳು ಇಳಿದವು. ಮೇಸ್ತ್ರಿಯೂ ಇಳಿದ. ಪ್ಯಾಂಟು ಸೊಂಟದಲ್ಲಿ ನಿಲ್ಲಲಿಲ್ಲ. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡ.

"ಮಾವ, ಮಾರಿಬಿಡಿ. ತುಕ್ಕು ಹಿಡಿಯುತ್ತೆ" ಅಂದ ಅಳಿಯ. ಹಳೇ ಕಾರಿನ ವ್ಯಾಪಾರಿಯನ್ನೂ ಅವನೇ ಕರೆತಂದ.

ವ್ಯಾಪಾರಿ ಬಾನೆಟ್ ಎತ್ತಲಿಲ್ಲ. ಎಂಜಿನ್ ಶಬ್ದ ಕೇಳಲಿಲ್ಲ. ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನಂಬರ್ ಪ್ಲೇಟನ್ನು ಕರ್ಚೀಫಿನಿಂದ ಒರೆಸಿದ.

"ಮೂರು ನಾಲ್ಕು ನಾಲ್ಕು ಒಂದು. ಆರಿಸಿ ತಗೊಂಡಿದ್ದಲ್ವಾ ಇದು?"

"ಅವಳೇ ಆರಿಸಿದ್ದು. ಮೇಲೆ ದುಡ್ಡು ಕಟ್ಟಿ."

"ಪುಣ್ಯಾತ್ಗಿತ್ತಿ! ಕೂಡಿದ್ರೆ ಹನ್ನೆರಡು, ಮತ್ತೆ ಕೂಡಿದ್ರೆ ಮೂರು. ಸಿಮೆಂಟ್ ಫ್ಯಾಕ್ಟರಿ ಯಜಮಾನ್ರು ಮೂರು ಅಂದ್ರೆ ಪ್ರಾಣ ಬಿಡ್ತಾರೆ. ನಂಬರ್ ಸಮೇತ ಆದ್ರೆ ಹೊಸ ಕಾರಿನ ರೇಟು ಕೊಡಿಸ್ತೀನಿ."

"ನಂಬರ್ ಇಲ್ದೆ?"

ವ್ಯಾಪಾರಿ ಮೊದಲ ಸಲ ಕಾರನ್ನು ನೋಡಿದ. "ಇಲ್ದೆ ಆದ್ರೆ ಎಳ್ಕೊಂಡು ಹೋಗೋ ಖರ್ಚು ನೀವೇ ಕೊಡ್ಬೇಕು."

ಅಳಿಯನ ಮುಖ ಅರಳಿತ್ತು. ಮೇಸ್ತ್ರಿಯ ಮುಖ ಹಾಗೇ ಇತ್ತು.

"ಎಳ್ಕೊಂಡು ಹೋಗಿ. ನಂಬರ್ ಕೊಡಲ್ಲ."

"ಅಯ್ಯೋ ಮಾವ, ಆ ನಂಬರಲ್ಲಿ ಏನಿದೆ?"

"ನನ್ನ ಪ್ಯಾಂಟಿದೆ" ಅಂದ ಮೇಸ್ತ್ರಿ.

ಅದು ನಿಜ. ಮದುವೆಗೆ ಮುಂಚೆ ಅವನು ಪ್ಯಾಂಟು ಹೊಲಿಸಲು ಹೋದಾಗ ಅವಳು ಟೇಪು ಹಿಡಿದು ಹೇಳಿದ್ದು ಅದೇ ಅಳತೆ: ಸೊಂಟ ಮೂವತ್ನಾಲ್ಕು, ಉದ್ದ ನಲವತ್ತೊಂದು. ಬರೆದುಕೊಂಡಿರಲಿಲ್ಲ. "ನೆನಪಿರುತ್ತೆ ಬಿಡಿ" ಅಂದಿದ್ದಳು. ನೆನಪಿತ್ತು.

ವಾಹನ ಸಂಖ್ಯಾ ಕಚೇರಿಯ ಗೋಡೆ ಓರೆಯಾಗಿತ್ತು. ನಂಬರ್ ಉಳಿಸಿಕೊಳ್ಳುವ ದಾರಿ ಕೇಳಲು ಬಂದ ಮೇಸ್ತ್ರಿ ಅದನ್ನು ನೋಡುತ್ತ ಸಾಲಿನಲ್ಲಿ ನಿಂತ. ಕಿಟಕಿಯ ಹಿಂದಿದ್ದ ಕ್ಲರ್ಕಮ್ಮ ನಿಯಮ ಓದಿದರು.

"ಸಂಖ್ಯೆಯು ಒಂಟಿಯಾಗಿ ಇರತಕ್ಕದ್ದಲ್ಲ. ತನ್ನ ವಾಹನವನ್ನು ಕಳೆದುಕೊಂಡ ಸಂಖ್ಯೆಯು ತಿಂಗಳೊಳಗೆ ಬೇರೊಂದು ವಾಹನವನ್ನು ಸೇರದಿದ್ದಲ್ಲಿ ಸದರಿ ಸಂಖ್ಯೆಯನ್ನು ಹರಾಜು ಹಾಕತಕ್ಕದ್ದು."

"ಇದು ನನಗೂ ಅನ್ವಯಿಸುತ್ತಾ?"

"ನಿಮಗೆ ನಂಬರ್ ಇದೆಯಾ?"

"ಇಲ್ಲ."

"ಹಾಗಾದ್ರೆ ಅನ್ವಯಿಸಲ್ಲ. ಬೇರೆ ವಾಹನ ಇದೆಯಾ? ಚಕ್ರ ಇರೋದು ಯಾವ್ದಾದ್ರೂ ಸರಿ."

ಮೇಸ್ತ್ರಿ ನಿಧಾನವಾಗಿ ಯೋಚಿಸಿದ. ಹಿಂದೆ ನಿಂತವರು ಗೊಣಗಿದರು.

"ಹೊಲಿಗೆ ಮೆಷಿನ್ ಇದೆ."

ಕ್ಲರ್ಕಮ್ಮ ನಗಲಿಲ್ಲ. ನಗುವುದಕ್ಕೆ ಬೇರೆ ಕಿಟಕಿಯೂ ಇರಲಿಲ್ಲ.

"ಚಕ್ರ?"

"ಕೆಳಗೊಂದು ದೊಡ್ಡದು. ಮೇಲೊಂದು ಚಿಕ್ಕದು."

"ಪೆಡಲ್? ಬೆಲ್ಟ್?"

"ಎರಡೂ ಇದೆ."

"ದೀಪ?"

"ಸೂಜಿ ಹತ್ರ ಒಂದು ಬಲ್ಬಿದೆ."

"ಹಾರ್ನ್?"

"ಇಲ್ಲ. ಎಣ್ಣೆ ಬಿಡದಿದ್ರೆ ಕಿರುಚುತ್ತೆ."

"ಬಿಡಬೇಡಿ. ಹಾರ್ನ್ ಇದೆ ಅಂತ ಬರ್ಕೋತೀನಿ."

ಮೇಸ್ತ್ರಿ ಸುಳ್ಳು ಹೇಳುವವನಲ್ಲ. "ಅಮ್ಮಾ, ಅದು ಎಲ್ಲಿಗೂ ಹೋಗಲ್ಲ" ಅಂದ.

"ನಿಮ್ಮ ಕಾರು ಹೋಗ್ತಿತ್ತಾ?"

ಮೇಸ್ತ್ರಿ ಜಾರುತ್ತಿದ್ದ ಪ್ಯಾಂಟನ್ನು ಮೇಲೆಳೆದುಕೊಂಡ.

"ಓಡಿಸೋರು ಯಾರು?"

"ಅವಳೇ."

"ಈಗ?"

ಮೇಸ್ತ್ರಿ ಮತ್ತೆ ಓರೆ ಗೋಡೆ ನೋಡಿದ. ಕ್ಲರ್ಕಮ್ಮ ದನಿ ತಗ್ಗಿಸಿದರು. "ನೀವೇ ಕಲೀರಿ. ತಿಂಗಳ ಕೊನೆಗೆ ಇನ್ಸ್‌ಪೆಕ್ಟರ್ ಮನೆಗೇ ಬಂದು ಟೆಸ್ಟ್ ತಗೋತಾರೆ. ಫೇಲಾದ್ರೆ ನಂಬರ್ ಹರಾಜಿಗೆ."

ಮಗಳು ಕಲಿಸಿದಳು. "ಅಪ್ಪಾ, ಗಾರೆ ತುಳಿದಂಗೆ ತುಳೀಬೇಡ. ಅಮ್ಮ ಹೇಗೆ ತುಳೀತಿದ್ಳು, ನೆನಪಿಲ್ವಾ?" ಮೇಸ್ತ್ರಿಗೆ ನೆನಪಿತ್ತು. ಕಾಲಿಗೆ ಗೊತ್ತಿರಲಿಲ್ಲ. ಚಕ್ರ ಹಿಂದಕ್ಕೆ ತಿರುಗಿತು. ದಾರ ತುಂಡಾಯಿತು. ಮೆಷಿನ್ನಿನ ಡ್ರಾಯರಿನಲ್ಲಿ ಅವಳು ಕತ್ತರಿಸಿಟ್ಟು ಹೊಲಿಯದೇ ಹೋದ ಪ್ಯಾಂಟಿನ ಬಟ್ಟೆ ಇತ್ತು. ಅದನ್ನು ಮುಟ್ಟದೆ ಹಳೇ ದಿಂಬಿನ ಚೀಲದ ಮೇಲೆ ಅಭ್ಯಾಸ ಮಾಡಿದ.

ಟೆಸ್ಟಿನ ದಿನ ವ್ಯಾಪಾರಿ ಬೆಳಿಗ್ಗೆಯೇ ಬಂದು ಕಿಟಕಿಯ ಹೊರಗೆ ನಿಂತ. ಸಿಮೆಂಟ್ ಯಜಮಾನರು ರಸ್ತೆಯಾಚೆ ಕಾರಿನಲ್ಲಿ ಕೂತಿದ್ದರು. ಮೇಸ್ತ್ರಿ ಸೋತರೆ ಹರಾಜಿಗೆ ಅಲ್ಲಿಂದಲೇ ಓಡುವುದೆಂದು ಇಬ್ಬರೂ ಗೊತ್ತು ಮಾಡಿಕೊಂಡಿದ್ದರು.

ಇನ್ಸ್‌ಪೆಕ್ಟರು ಪಕ್ಕದ ಸ್ಟೂಲಿನಲ್ಲಿ ಕೂತು, ಹಿಡಿದುಕೊಳ್ಳಲು ಏನಾದರೂ ಇದೆಯೇ ಎಂದು ನೋಡಿದರು. ಟೇಬಲ್ಲಿನ ಅಂಚು ಹಿಡಿದುಕೊಂಡರು.

"ಎಂಟು ಹಾಕಿ. ಕಾಲು ನೆಲಕ್ಕೆ ಊರಬಾರದು. ಬಟ್ಟೆ ಇಲಾಖೆಯದ್ದು" ಎಂದು ತಮ್ಮದೇ ಹರಿದ ಬೆಡ್‌ಶೀಟು ಕೊಟ್ಟರು. "ಮೊದಲು ಈ ಅಂಚೆಲ್ಲ ಹೊಲೀರಿ. ಅದು ನೇರ ರಸ್ತೆ. ಆಮೇಲೆ ಎಂಟು."

ಮೇಸ್ತ್ರಿ ನೇರ ರಸ್ತೆ ಮುಗಿಸಿದ. ಎಂಟಿಗೆ ಬಟ್ಟೆ ತಿರುಗಿಸಿದ. ದುಂಡು ಕಂಬಕ್ಕೆ ಗಾರೆ ಮೆತ್ತುವ ಕೈ ಅದು, ನಿಧಾನವಾಗಿ ತಿರುಗಿತು. ನಡುವೆ ಗೆರೆ ಗೆರೆಯನ್ನು ದಾಟುವಲ್ಲಿ ದಾರ ನಡುಗಿತು. ವ್ಯಾಪಾರಿ ಕಿಟಕಿಯ ಸರಳಿಗೆ ಮೂಗು ಒತ್ತಿದ. ಮೆಷಿನ್ನು ಕಿರುಚಿತು. "ಹಾರ್ನ್ ಸರಿಯಾಗಿದೆ" ಅಂದರು ಇನ್ಸ್‌ಪೆಕ್ಟರು. ಕಾಲು ಊರಲಿಲ್ಲ.

"ಎಂಟರಲ್ಲಿ ಒಂದು ಸೊನ್ನೆ ದೊಡ್ಡದಾಯ್ತು" ಅಂದ ಮೇಸ್ತ್ರಿ.

"ಇರ್ಲಿ. ಯಾರಿಗೂ ಗುದ್ದದೆ ಮುಗಿದ ಟೆಸ್ಟ್ ನಾನು ನೋಡಿರ್ಲಿಲ್ಲ. ಪಾಸು." ಬೆಡ್‌ಶೀಟನ್ನು ದಾಖಲೆಗೆಂದು ಮಡಚಿಕೊಂಡು ಹೋದರು.

ತಗಡು ಮೆಷಿನ್ನಿನ ಮುಂದೆ ಕೂತಿತು. ವ್ಯಾಪಾರಿ ಒಳಗೆ ಬಂದು ಅದನ್ನು ಅದೇ ಕರ್ಚೀಫಿನಿಂದ ಒರೆಸಿದ. "ನಂಬರ್ ಸಮೇತ ಮೆಷಿನ್ ಕೊಡಿ. ಹೊಸ ಕಾರಿನ ರೇಟು." ಅಳಿಯ ಬಾಯಿ ತೆರೆದ. ಮಗಳು ಅವನ ಕಾಲು ತುಳಿದಳು. ವ್ಯಾಪಾರಿ ಓಡದೆ ನಿಂತಿದ್ದ ಕಾರನ್ನು ಎಳೆದುಕೊಂಡು ಹೋದ, ಖರ್ಚನ್ನೂ ಇಸಿದುಕೊಂಡ.

ಮುಂದಿನ ವಾರ ಕಚೇರಿಯ ಹಲಗೆಯಲ್ಲಿ ಪ್ರಕಟಣೆ ಬಂತು: "ಆರಿಸಿಕೊಂಡ ಸಂಖ್ಯೆಯು ಮಾರಾಟದ ವೇಳೆ ವಾಹನದ ಬೆಲೆಯನ್ನು ಹೆಚ್ಚಿಸುತ್ತದೆಯೇ ಎಂದು ವಿಚಾರಿಸುತ್ತಿರುವ ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಹೆಚ್ಚಿಸುತ್ತದೆ. ಅದು ವಾಹನವೇ ಆಗಿರಬೇಕೆಂಬ ನಿರ್ಬಂಧವಿರುವುದಿಲ್ಲ."

ಜನ ಬಾವಿಯ ರಾಟೆ ತಂದರು. ಮಗುವಿನ ಗಾಡಿ ತಂದರು, ಮಗು ಸಮೇತ. ಸಿಮೆಂಟ್ ಯಜಮಾನರು ಮೂರು ಬರುವ ಬೇರೆ ನಂಬರ್ ಹುಡುಕಿ ಒಂದು ಕೈಗಾಡಿಗೆ ಹಾಕಿಸಿ, ಗಾಜಿನ ಕೋಣೆಯಲ್ಲಿ ನಿಲ್ಲಿಸಿದರು.

ನಿಯಮ ಇನ್ನೊಂದಿತ್ತು. ಬಹಳ ದಿನ ಓಡದೆ ನಿಂತ ವಾಹನದ ಸಂಖ್ಯೆ ವಾಪಸ್ಸು ಹೋಗುತ್ತದೆ. ಅದಕ್ಕೆ ಮೇಸ್ತ್ರಿ ಸಂಜೆ ಕೆಲಸದಿಂದ ಬಂದು, ಕೈಕಾಲು ತೊಳೆದು, ಒಂದಿಷ್ಟು ಹೊತ್ತು ಓಡಿಸುತ್ತಾನೆ. ಡ್ರಾಯರಿನ ಬಟ್ಟೆ ಹೊರಗೆ ಬಂದಿದೆ.

"ಅಪ್ಪಾ, ನಿನ್ನ ಸೊಂಟ ಈಗ ಮೂವತ್ತೂ ಇಲ್ಲ. ಸ್ವಲ್ಪ ಒಳಗೆ ಹಿಡಿದು ಹೊಲಿ."

"ಹಿಡಿಯೋ ಹಾಗಿಲ್ಲ. ನಂಬರ್ ತಪ್ಪುತ್ತೆ."

ಎದುರುಮನೆಯವರು ಕಿಟಕಿಯಲ್ಲಿ ಕೇಳುತ್ತಾರೆ. "ಮೇಸ್ತ್ರೀ, ಸವಾರಿ ಎಲ್ಲೀವರೆಗೆ ಬಂತು?"

"ಮೊಣಕಾಲು ದಾಟಿದೆ."

"ನಿಧಾನಕ್ಕೆ ಹೋಗಿ. ಕತ್ತಲಾಯ್ತು."

ಮೇಸ್ತ್ರಿ ಸೂಜಿಯ ಬಲ್ಬು ಹಾಕುತ್ತಾನೆ. ನಿಧಾನ ಮಾಡುತ್ತಾನೆ. ಅವಳು ಕತ್ತರಿಸಿಟ್ಟ ಬಟ್ಟೆ ಅದೊಂದೇ.