ತೊಗರಿ ಕುಡಿ ಚಿವುಟಿಸಿದ ಪರಿ

ವಿಶ್ವವಿದ್ಯಾಲಯದಲ್ಲಿ ಕಂಡುಹಿಡಿದದ್ದನ್ನು ರೈತರ ಹೊಲಕ್ಕೆ ಮುಟ್ಟಿಸುವುದು ನನ್ನ ನೌಕರಿ. ಕಂಡುಹಿಡಿದವರು ನೆರಳಲ್ಲಿ ತಣ್ಣಗಿರುತ್ತಾರೆ. ಮುಟ್ಟಿಸಲು ಹೊರಟವನಿಗೆ ದಿನಕ್ಕೊಂದು ಫಜೀತಿ. ಆ ವರ್ಷ ನನ್ನ ಪಾಲಿಗೆ ಬಂದದ್ದು ತೊಗರಿ. ಹೂವು ಬಿಡುವ ಮೊದಲೇ ಗಿಡದ ಕುಡಿ ಚಿವುಟಿದರೆ ಟೊಂಗೆ ಒಡೆದು ಕಾಯಿ ಹೆಚ್ಚು ಬಿಡುತ್ತದೆ. ಮಾತು ಇಷ್ಟೇ. "ಒಬ್ಬ ರೈತನಾದರೂ ಚಿವುಟಿದ್ದನ್ನು ಈ ಸಲ ನನಗೆ ಕಣ್ಣಾರೆ ತೋರಿಸಿ. ಇಲ್ಲವಾದರೆ ನಿಮ್ಮ ಜಾಗಕ್ಕೆ ಬೇರೆಯವರನ್ನು ನೋಡುತ್ತೇನೆ" ಎಂದರು ಮೇಲಧಿಕಾರಿಗಳು.

೧. ಇಂಡಿ

ಝಳಕಿ ಹತ್ತಿರದ ಊರಲ್ಲಿ ಒಂದು ತಾಸು ಗಂಟಲು ಹರಿದುಕೊಂಡೆ. ಎಲ್ಲ ಕೇಳಿದ ಹಿರಿಯರೊಬ್ಬರು ನಿಟ್ಟುಸಿರು ಬಿಟ್ಟರು.

"ಸಾಹೇಬ್ರ, ನಮ್ಮ ಆಡು ವರ್ಷಾ ಇದ ಕೆಲಸಾ ಮಾಡ್ತಿದ್ವರಿ. ನಾವು ತಿಳೀಲಾರದ ಬಡದು ಓಡಿಸಿದ್ವಿ. ಅವು ಇಷ್ಟ ಓದಿದಾವ ಅಂತ ಯಾರಿಗೆ ಗೊತ್ತಿತ್ರಿ?"

೨. ಮುದ್ದೇಬಿಹಾಳ

ಜನ ಬರಲೆಂದು ತರಬೇತಿಯ ಜೊತೆ ಸಜ್ಜಕದ ಸಿಹಿಯೂಟವನ್ನೂ ಇಟ್ಟೆ. ಗಂಡಸರು ಕಿಕ್ಕಿರಿದು ಬಂದರು. ವಾರ ಬಿಟ್ಟು ಹೋದರೆ, ಹೊಲದಲ್ಲಿ ದುಡಿಯುತ್ತಿದ್ದವರು ಅವರ ಹೆಂಡಂದಿರು. ಒಂದು ಕುಡಿಯೂ ಮುರಿದಿಲ್ಲ.

"ಯಾಕವ್ವಾ, ತರಬೇತಿಗೆ ಬಂದ ನಿಮ್ಮ ಮನಿಯವ್ರು ಏನೂ ಹೇಳಲಿಲ್ಲೇನು?"

"ಹೇಳಿದ್ರಲ್ರಿ. ಸಜ್ಜಕ ಭಾಳ ಚೊಲೊ ಆಗಿತ್ತಂತ."

೩. ಸಿಂದಗಿ

ಕರಪತ್ರ ಅಚ್ಚು ಹಾಕಿಸಿ ಊರೂರಿಗೆ ಹಂಚಿದೆ. ದೇವರ ಹಿಪ್ಪರಗಿ ಸಂತೆಯಲ್ಲಿ ಮಿರ್ಚಿ ಭಜಿ ಕೇಳಿದರೆ ಅಂಗಡಿಯವನು ಆ ಕರಪತ್ರದಲ್ಲೇ ಸುತ್ತಿ ಕೊಟ್ಟ. ಮೈ ಉರಿಯಿತು.

"ಇದರಾಗ ಏನ್ ಬರದೈತಿ ಗೊತ್ತೈತೇನು?"

ಭಜಿಯವನು ಬಾಣಲೆಯಿಂದ ಕಣ್ಣೆತ್ತದೆ, ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಒಪ್ಪಿಸಿದ. ಸಿಕ್ಕನಪ್ಪ ನನ್ನ ರೈತ ಎಂದು ಹಿಗ್ಗಿಹೋದೆ.

"ಎಷ್ಟ ಎಕರೆ ತೊಗರಿ ಹಾಕೀಯಪಾ?"

"ಹೊಲಾ ಇದ್ರ ಭಜಿ ಯಾಕ ಕರೀತಿದ್ದೆರಿ?"

೪. ಬಸವನ ಬಾಗೇವಾಡಿ

ಕೊನೆಗೆ ರಸ್ತೆ ಪಕ್ಕದ ಹೊಲದ ಹಿರಿಯ ರೈತರೊಬ್ಬರು ಒಪ್ಪಿದರು. ಅರ್ಧ ಹೊಲಕ್ಕೆ 'ವಿಶ್ವವಿದ್ಯಾಲಯದ ಪದ್ಧತಿ', ಉಳಿದರ್ಧಕ್ಕೆ 'ರೈತರ ಪದ್ಧತಿ' ಎಂದು ಬೋರ್ಡು ನೆಟ್ಟೆ. ಇತ್ತ ಚಿವುಟಿ, ಅತ್ತ ನಿಮ್ಮ ರೂಢಿಯಂತೆ ಬಿಡಿ ಎಂದು ಹೇಳಿ ಬಂದೆ. ಚಿವುಟುವ ವಾರ ನನಗೆ ಹೋಗಲಾಗಲಿಲ್ಲ. ರೈತರು ಯಾಕೆ ಚಿವುಟುತ್ತಿಲ್ಲ ಎಂಬ ವರದಿ ಬರೆಯುವುದಿತ್ತು.

ಕಾಯಿ ತುಂಬಿದಾಗ ಮೇಲಧಿಕಾರಿಗಳನ್ನು ಕರೆತಂದೆ. ಊರೇ ನೆರೆದಿತ್ತು. ನಮ್ಮ ಬೋರ್ಡಿನ ಹಿಂದೆ ಗಿಡಗಳು ಬಡಕಲಾಗಿ ಸೆಟೆದು ನಿಂತಿದ್ದವು. ರೈತರ ಬೋರ್ಡಿನ ಹಿಂದೆ ಟೊಂಗೆಟೊಂಗೆಗೂ ಕಾಯಿ. ಹೊಲದ ಯಜಮಾನರನ್ನು ಬದಿಗೆಳೆದೆ.

"ಕಾಕಾ, ಏನ್ ಮಾಡಿಟ್ರಿ ಇದು?"

"ನೀವು ಹೇಳಿದ್ದು ಖರೇ ಅನಿಸ್ತರಿ. ಅದಕ್ಕ ನನ್ನ ಪಾಲಿನಾಗ ಕುಡಿ ಚೂಟೇನಿ."

"ಮತ್ತ ನಮ್ಮದು?"

"ಬೋರ್ಡ್ ಹಚ್ಚೀರಲ್ರಿ. ಸರಕಾರದ ಮಾಲಿಗೆ ನಾ ಹೆಂಗ ಕೈ ಹಚ್ಚಲಿ?"

ಮೇಲಧಿಕಾರಿಗಳು ಎರಡೂ ಬೋರ್ಡು ಎರಡೆರಡು ಸಲ ಓದಿದರು. ಸತ್ಯ ಹೇಳೋಣವೆಂದರೆ, ಚಿವುಟುವ ವಾರ ನೀವೆಲ್ಲಿದ್ದಿರಿ ಎಂದು ಕೇಳುತ್ತಾರೆ. ಕಾಯಿ ಎಣಿಸುವವನಂತೆ ಗಿಡದತ್ತ ಬಗ್ಗಿದೆ. "ಈ ರೈತರ ಪದ್ಧತಿಯನ್ನು ಮೊದಲು ನೀವು ಕಲಿಯಿರಿ" ಎಂದು ಅವರು ಕಾರು ಹತ್ತಿದರು.

ಅಷ್ಟರಲ್ಲಿ ಊರವರೆಲ್ಲ ಕಾಕಾನ ಮೇಲೆ ಮುಗಿಬಿದ್ದು ಗುಟ್ಟು ತಿಳಿದುಕೊಂಡಿದ್ದರು. ಅವರಲ್ಲೊಬ್ಬರು ಬಂದು ಮರುಕದಿಂದ ನನ್ನ ಭುಜದ ಮೇಲೆ ಕೈಯಿಟ್ಟರು.

"ಬ್ಯಾಸರಾ ಮಾಡ್ಕೋಬ್ಯಾಡ್ರಿ ಸಾಹೇಬ್ರ. ಹೂ ಬಿಡೂಕಿಂತ ಮೊದಲ ಕುಡಿ ಚೂಟಬೇಕ್ರಿ. ನಾವೆಲ್ಲಾ ಮುಂದಿನ ವರ್ಷ ಹಂಗ ಮಾಡಾವ್ರು. ನಿಮ್ಮ ಯುನಿವರ್ಸಿಟಿಯವ್ರಿಗೂ ಒಂದೀಟ ತಿಳಿಸಿ ಹೇಳ್ರಿ."